ಎರಡನೆಯ ಪ್ರಾಶಸ್ತ್ಯ: ಲಾಲ್‌ಬಾಗಿನ ಗಾಜಿನ ಮನೆಯಿಂದ ಶಿಕ್ಷಕರ ಮತಪತ್ರದವರೆಗೆ

ಬಸವನಗುಡಿಯ ಪೂರ್ವದ ಅಂಚಿಗೆ ಹೊಂದಿಕೊಂಡಿರುವ ಲಾಲ್‌ಬಾಗಿನ ಗಾಜಿನ ಮನೆಯು ನಾಗರಿಕರಿಗೆ ಪರಿಚಿತವಾಗಿರುವುದು ವರ್ಷಕ್ಕೆ ಎರಡು ಬಾರಿ ನಡೆಯುವ ಫಲಪುಷ್ಪ ಪ್ರದರ್ಶನದಿಂದ. ಅದೇ ಗಾಜಿನ ಮನೆಯಲ್ಲಿ 1969ನೆಯ ಇಸವಿಯ ಜುಲೈ ತಿಂಗಳ ಎರಡನೆಯ ವಾರದಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಜರುಗಿತು. ದೇಶದ ನಾನಾ ಮೂಲೆಗಳಿಂದ ಬಂದ ಧುರೀಣರು ಬೆಂಗಳೂರಿನಲ್ಲಿ ಕೂಡಿದ್ದ ಆ ದಿನಗಳಲ್ಲೇ, ತೆರವಾಗಿದ್ದ ರಾಷ್ಟ್ರಪತಿ ಸ್ಥಾನಕ್ಕೆ ಕಾಂಗ್ರೆಸ್ಸಿನ ಅಭ್ಯರ್ಥಿ ಯಾರೆಂಬುದು ತೀರ್ಮಾನವಾಯಿತು. ಐದು ವಾರಗಳ ತರುವಾಯ ಆ ತೀರ್ಮಾನ ತಲೆಕೆಳಗಾಯಿತು. ಭಾರತದ ರಾಷ್ಟ್ರಪತಿ ಚುನಾವಣೆಗಳ ಇತಿಹಾಸದಲ್ಲಿ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಬೇಕಾಗಿ ಬಂದುದು ಆ ಒಂದು ಬಾರಿ ಮಾತ್ರ.

ಪೌರನೀತಿಯ ಪಠ್ಯಗಳಲ್ಲಿ ‘ಏಕ ವರ್ಗಾವಣೀಯ ಮತದ ಮೂಲಕ ಪ್ರಮಾಣಾನುಗುಣ ಪ್ರಾತಿನಿಧ್ಯ’ ಎಂಬ ಮಾತು ಬರುತ್ತದೆ. ವಿದ್ಯಾರ್ಥಿಗಳು ಅದನ್ನು ಕಂಠಪಾಠ ಮಾಡುತ್ತಾರೆ. ಉಪಾಧ್ಯಾಯರು ಅದನ್ನು ಪರೀಕ್ಷೆಯಲ್ಲಿ ಕೇಳುತ್ತಾರೆ. ಅದರ ಒಳಗನ್ನು ಬಿಚ್ಚಿ ನೋಡುವ ಪ್ರಸಂಗ ಅಪರೂಪ. ಆದರೆ ಪ್ರೌಢಶಾಲೆಯ ಮತ್ತು ಕಾಲೇಜಿನ ಅಧ್ಯಾಪಕರಿಗೆ ಈ ಮಾತು ಕೇವಲ ಪಾಠದ ವಿಷಯವಲ್ಲ. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಲ್ಲಿ ಅವರು ಚಲಾಯಿಸುವ ಮತವೂ, ಪದವೀಧರರ ಕ್ಷೇತ್ರದಲ್ಲಿ ಹಳೆಯ ವಿದ್ಯಾರ್ಥಿಗಳು ಚಲಾಯಿಸುವ ಮತವೂ ಇದೇ ಜಾತಿಯವು. ಆದುದರಿಂದ 1969ರ ಆ ಪ್ರಸಂಗವನ್ನು ಅಂಕಿಗಳ ಸಹಿತ ಪರಿಶೀಲಿಸುವುದು ಪ್ರಯೋಜನಕರ.

ಮೊದಲು ವಿಧಾನದ ತಿರುಳನ್ನು ಹೇಳಬೇಕು. ಸಾಮಾನ್ಯ ಚುನಾವಣೆಯಲ್ಲಿ ಮತದಾರನು ಒಬ್ಬನಿಗೆ ಮುದ್ರೆ ಒತ್ತಿ ಅಥವಾ ಗುಂಡಿ ಅದುಮಿ ಹೊರಬರುತ್ತಾನೆ. ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವನು ಗೆಲ್ಲುತ್ತಾನೆ, ಅವನಿಗೆ ಬಂದ ಮತಗಳು ನೂರಕ್ಕೆ ಮೂವತ್ತಾಗಿದ್ದರೂ ಸರಿಯೆ. ಪ್ರಾಶಸ್ತ್ಯದ ಮತದಾನದಲ್ಲಿ ಮತದಾರನು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ತನ್ನ ಒಲವಿನ ಕ್ರಮವನ್ನು ಬರೆಯುತ್ತಾನೆ. ಸಿಂಧುವಾದ ಮತಗಳ ಅರ್ಧಕ್ಕಿಂತ ಹೆಚ್ಚು ಮೊದಲ ಪ್ರಾಶಸ್ತ್ಯ ಯಾರಿಗಾದರೂ ಬಂದರೆ ಎಣಿಕೆ ಅಲ್ಲಿಗೇ ಮುಗಿಯುತ್ತದೆ. ಬಾರದಿದ್ದರೆ ಕಟ್ಟಕಡೆಯವನನ್ನು ಸ್ಪರ್ಧೆಯಿಂದ ಕೈಬಿಟ್ಟು, ಅವನ ಕಟ್ಟಿನಲ್ಲಿದ್ದ ಮತಪತ್ರಗಳನ್ನು ಒಂದೊಂದಾಗಿ ತೆರೆದು, ಅವುಗಳಲ್ಲಿ ‘2’ ಎಂದು ಯಾರ ಮುಂದೆ ಬರೆದಿದೆಯೋ ಅವರಿಗೆ ವರ್ಗಾಯಿಸುತ್ತಾರೆ. ಹೀಗೆ ಕೆಳಗಿನಿಂದ ಒಬ್ಬೊಬ್ಬರನ್ನೇ ಬಿಡುತ್ತಾ, ಒಬ್ಬನು ನಿಗದಿತ ಪ್ರಮಾಣವನ್ನು ಮುಟ್ಟುವವರೆಗೆ ಅಥವಾ ಕಣದಲ್ಲಿ ಒಬ್ಬನೇ ಉಳಿಯುವವರೆಗೆ ಕಾರ್ಯ ಮುಂದುವರಿಯುತ್ತದೆ. ಮುಂದಿನ ಪ್ರಾಶಸ್ತ್ಯವನ್ನೇ ಬರೆಯದ ಮತಪತ್ರವು ಆ ಹಂತದಲ್ಲಿ ಬರಿದಾಗಿ ಪಕ್ಕಕ್ಕೆ ಸರಿಯುತ್ತದೆ.

ಗಾಂಧಿ ಬಜಾರಿನ ಹೂವಿನ ಅಂಗಡಿಗೆ ಮಗನನ್ನು ಕಳುಹಿಸುವ ಗೃಹಿಣಿಯು “ಮೈಸೂರು ಮಲ್ಲಿಗೆ ತೆಗೆದುಕೊಂಡು ಬಾ, ಮುಗಿದಿದ್ದರೆ ಕಾಕಡವಾದರೂ ಸರಿ” ಎಂದು ಹೇಳಿ ಕಳುಹಿಸುವುದು ಇದೇ ತತ್ತ್ವದ ಮೇಲೆ. ಕಾಕಡದ ಹೆಸರು ಹೇಳಿದ ಮಾತ್ರಕ್ಕೆ ಮಲ್ಲಿಗೆ ದೊರೆಯುವ ಸಂಭವವೇನೂ ಕಡಮೆಯಾಗುವುದಿಲ್ಲ. ಮಲ್ಲಿಗೆ ಇರುವವರೆಗೆ ಕಾಕಡದ ಪ್ರಶ್ನೆಯೇ ಏಳುವುದಿಲ್ಲ. ಹೇಳದೆ ಕಳುಹಿಸಿದರೆ ಮಾತ್ರ ಹುಡುಗ ಬರಿಗೈಯಲ್ಲಿ ಹಿಂದಿರುಗುವ ಅಪಾಯವುಂಟು. ಈ ಸರಳವಾದ ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕಗಳೆಲ್ಲ ಸುಲಭವಾಗಿ ಬಿಡಿಸಿಕೊಳ್ಳುತ್ತವೆ.

ರಾಷ್ಟ್ರಪತಿ ಡಾ. ಜಾಕಿರ್ ಹುಸೇನರು 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ನಿಧನರಾದರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಗಿರಿಯವರು ಕನ್ನಡಿಗರಿಗೆ ಅಪರಿಚಿತರಲ್ಲ; 1965ರಿಂದ 1967ರವರೆಗೆ ಅವರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಆಗ ಕಾಂಗ್ರೆಸ್ ಅಧ್ಯಕ್ಷ ಪದವಿಯಲ್ಲಿದ್ದವರು ಎಸ್. ನಿಜಲಿಂಗಪ್ಪನವರು. ಚಿತ್ರದುರ್ಗದಲ್ಲಿ ವಕೀಲರಾಗಿ ಸಾರ್ವಜನಿಕ ಜೀವನಕ್ಕೆ ಬಂದು, 1956ರಲ್ಲಿ ಏಕೀಕೃತ ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾಗಿ, 1968ರಲ್ಲಿ ಮುಖ್ಯಮಂತ್ರಿ ಪದವಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟು ಅಖಿಲ ಭಾರತ ಮಟ್ಟದ ಹೊಣೆಯನ್ನು ಹೊತ್ತಿದ್ದರು. ಬೆಂಗಳೂರಿನ ಅಧಿವೇಶನವೆಂದರೆ ಒಂದರ್ಥದಲ್ಲಿ ಅವರದೇ ಮನೆಯಂಗಳದ ಸಭೆ.

ಜುಲೈ 12ರಂದು ಬೆಂಗಳೂರಿನಲ್ಲಿ ಕೂಡಿದ ಕಾಂಗ್ರೆಸ್ ಸಂಸದೀಯ ಮಂಡಲಿಯ ಮುಂದೆ ಎರಡು ಹೆಸರುಗಳಿದ್ದವು. ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನ ರಾಮರನ್ನು ಸೂಚಿಸಿದರು. ಕಾಮರಾಜ್, ಎಸ್. ಕೆ. ಪಾಟೀಲ್, ಮೊರಾರ್ಜಿ ದೇಸಾಯಿ ಮೊದಲಾದವರ ಒಲವು ಲೋಕಸಭೆಯ ಸ್ಪೀಕರರಾಗಿದ್ದ ನೀಲಂ ಸಂಜೀವ ರೆಡ್ಡಿಯವರ ಕಡೆಗಿತ್ತು. ಬಹುಮತ ರೆಡ್ಡಿಯವರಿಗೆ ದೊರೆಯಿತು. ಪ್ರಧಾನಿಯವರು ತಮ್ಮ ಪಕ್ಷದ ಮಂಡಲಿಯಲ್ಲೇ ಸೋತಂತಾಯಿತು. ಮರುದಿನವೇ ಗಿರಿಯವರು ತಾವು ಸ್ವತಂತ್ರವಾಗಿ ಸ್ಪರ್ಧಿಸುವುದಾಗಿ ಪ್ರಕಟಿಸಿದರು. ಅನಂತರದ ಘಟನೆಗಳು ವೇಗವಾಗಿ ಜರುಗಿದವು: ಜುಲೈ 16ರಂದು ಮೊರಾರ್ಜಿಯವರಿಂದ ಅರ್ಥಖಾತೆ ಹೋಯಿತು, 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದವು, 20ರಂದು ಗಿರಿಯವರು ರಾಜೀನಾಮೆ ನೀಡಿ, ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಹಿದಾಯತುಲ್ಲಾ ಅವರು ಹಂಗಾಮಿ ರಾಷ್ಟ್ರಪತಿಗಳಾದರು.

ಇಲ್ಲಿ ಮೂರನೆಯವರೊಬ್ಬರನ್ನು ಮರೆಯಬಾರದು. ಸ್ವತಂತ್ರ ಪಕ್ಷವೂ ಜನಸಂಘವೂ ಸೇರಿ ಚಿಂತಾಮಣಿ ದೇಶಮುಖರನ್ನು ಕಣಕ್ಕಿಳಿಸಿದ್ದವು. ರಿಸರ್ವ್ ಬ್ಯಾಂಕಿನ ಪ್ರಥಮ ಭಾರತೀಯ ಗವರ್ನರರೂ ಹಿಂದಿನ ಅರ್ಥಸಚಿವರೂ ಆದ ದೇಶಮುಖರು ಗೆಲ್ಲುವ ಸಂಭವ ಇರಲಿಲ್ಲ. ಆದರೆ ಅವರಿಗೆ ಬೀಳುವ ಮತಪತ್ರಗಳಲ್ಲಿ ‘2’ ಎಂಬ ಅಂಕಿ ಯಾರ ಮುಂದೆ ಇರುವುದೆಂಬುದೇ ಉಳಿದಿಬ್ಬರ ಭವಿಷ್ಯವನ್ನು ನಿರ್ಣಯಿಸುವಂತಿತ್ತು. ಇದನ್ನು ನಿಜಲಿಂಗಪ್ಪನವರು ಸರಿಯಾಗಿ ಗ್ರಹಿಸಿದರು. ಆ ಎರಡು ಪಕ್ಷಗಳ ನಾಯಕರನ್ನು ಸಂಪರ್ಕಿಸಿ, ಎರಡನೆಯ ಪ್ರಾಶಸ್ತ್ಯವನ್ನು ಸಂಜೀವ ರೆಡ್ಡಿಯವರಿಗೆ ಕೊಡಿಸಬೇಕೆಂದು ಕೋರಿದರು.

ಈ ಕೋರಿಕೆಯು ಕಾಂಗ್ರೆಸ್ಸಿನ ಒಳಗೆ ಬಿರುಗಾಳಿಯನ್ನೆಬ್ಬಿಸಿತು. ಜಗಜೀವನ ರಾಮರೂ ಫಕ್ರುದ್ದೀನ್ ಅಲಿ ಅಹಮದರೂ ಅಧ್ಯಕ್ಷರಿಂದ ವಿವರಣೆ ಕೇಳಿದರು. ವಿರೋಧಿ ಪಕ್ಷಗಳೊಡನೆ ಒಳಒಪ್ಪಂದವಾಗಿದೆಯೆಂಬ ಆರೋಪ ಬಂದಿತು. ರೆಡ್ಡಿಯವರಿಗೇ ಮತ ನೀಡಬೇಕೆಂದು ಪಕ್ಷದ ಸದಸ್ಯರಿಗೆ ವಿಪ್ ಹೊರಡಿಸಲು ಪ್ರಧಾನಿಯವರು ಒಪ್ಪಲಿಲ್ಲ. ಮತದಾನದ ಹೊತ್ತಿಗೆ ‘ಆತ್ಮಸಾಕ್ಷಿಯ ಮತ’ ಎಂಬ ಘೋಷಣೆ ದೇಶದಾದ್ಯಂತ ಕೇಳಿಬಂದಿತು. ಸಂವಿಧಾನದ 55ನೆಯ ಅನುಚ್ಛೇದವು ಈ ಚುನಾವಣೆಯಲ್ಲಿ ಮತದಾನ ಗುಪ್ತವಾಗಿರಬೇಕೆಂದು ವಿಧಿಸಿರುವುದರಿಂದ, ವಿಪ್ ಹೊರಟಿದ್ದರೂ ಅದನ್ನು ಯಾರು ಪಾಲಿಸಿದರು, ಯಾರು ಪಾಲಿಸಲಿಲ್ಲ ಎಂಬುದನ್ನು ತಿಳಿಯುವ ಮಾರ್ಗವಿರಲಿಲ್ಲ.

ನಿಜಲಿಂಗಪ್ಪನವರ ನಡೆಯ ಬಗೆಗೆ ರಾಜಕೀಯ ದೃಷ್ಟಿಯಿಂದ ಏನೇ ಹೇಳಬಹುದು. ವಿಧಾನದ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಅಸಹಜವಾದುದೇನೂ ಇರಲಿಲ್ಲ. ಪ್ರಾಶಸ್ತ್ಯದ ಮತದಾನವು ಅಭ್ಯರ್ಥಿಯನ್ನು ಎದುರಾಳಿಯ ಮನೆಯ ಬಾಗಿಲಿಗೂ ಕಳುಹಿಸುತ್ತದೆ. “ನಿಮ್ಮ ಮೊದಲ ಮತ ನಿಮ್ಮವರಿಗೇ ಇರಲಿ, ಎರಡನೆಯದನ್ನು ನಮಗೆ ಕೊಡಿ” ಎಂದು ಕೇಳುವುದೇ ಅದರ ಸ್ವಭಾವ. ಪಕ್ಷದ ಶಿಸ್ತು ಬಯಸುವುದು ಇದಕ್ಕೆ ನೇರ ವಿರುದ್ಧವಾದುದನ್ನು. ಈ ಎರಡು ನ್ಯಾಯಗಳ ನಡುವೆ ಸಿಕ್ಕಿದವರು ಚಿತ್ರದುರ್ಗದ ಆ ಹಿರಿಯರು.

ಆಗಸ್ಟ್ 16ರಂದು ಮತದಾನ ನಡೆಯಿತು, 20ರಂದು ಎಣಿಕೆ. ಈ ಚುನಾವಣೆಯಲ್ಲಿ ಒಬ್ಬೊಬ್ಬ ಮತದಾರನ ಮತಕ್ಕೂ ಒಂದು ಮೌಲ್ಯವಿದೆಯೆಂಬುದನ್ನು ಇಲ್ಲಿ ನೆನೆಯಬೇಕು. ಸಂಸತ್ ಸದಸ್ಯರೊಬ್ಬರ ಮತದ ಮೌಲ್ಯ ಆಗ 576. ಶಾಸಕರದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೈಸೂರು ರಾಜ್ಯದ ಜನಸಂಖ್ಯೆ 1961ರ ಜನಗಣತಿಯಂತೆ 2,35,86,772. ವಿಧಾನಸಭೆಯ ಸ್ಥಾನಗಳು 216. ಭಾಗಿಸಿ, ಬಂದ ಲಬ್ಧವನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತದ ಮೌಲ್ಯ 109 ಎಂದಾಗುತ್ತದೆ. (ಇಂದಿಗೂ ಬಳಕೆಯಲ್ಲಿರುವ 1971ರ ಜನಗಣತಿಯ ಆಧಾರದಲ್ಲಿ ಕರ್ನಾಟಕದ 224 ಶಾಸಕರಲ್ಲಿ ಒಬ್ಬೊಬ್ಬರದು 131. ಗಣಿತದ ಉಪಾಧ್ಯಾಯರು ಇದನ್ನು ತರಗತಿಯಲ್ಲಿ ಮಾಡಿಸಿ ನೋಡಬಹುದು.)

ಸಿಂಧುವಾದ ಮತಗಳ ಒಟ್ಟು ಮೌಲ್ಯ 8,36,337. ಅದರ ಅರ್ಧಕ್ಕಿಂತ ಹೆಚ್ಚು, ಎಂದರೆ 4,18,169, ಗೆಲುವಿಗೆ ಬೇಕಾದ ಪ್ರಮಾಣ. ಕಣದಲ್ಲಿ ಹದಿನೈದು ಮಂದಿ ಇದ್ದರು. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಬಂದವು. ಉಳಿದ ಹನ್ನೆರಡು ಮಂದಿಯಲ್ಲಿ ಐವರಿಗೆ ಶೂನ್ಯ. ಆ ಕಾಲದ ನಿಯಮದಂತೆ ನಾಮಪತ್ರಕ್ಕೆ ಒಬ್ಬ ಸೂಚಕನೂ ಒಬ್ಬ ಅನುಮೋದಕನೂ ಸಾಕಾಗಿತ್ತು. ಶೂನ್ಯ ಪಡೆದವರಿಗೆ ಅವರಿಬ್ಬರ ಮೊದಲ ಮತವೂ ದಕ್ಕಲಿಲ್ಲವೆಂದಾಯಿತು! ಇಂತಹ ವಿನೋದಗಳನ್ನು ತಡೆಯುವುದಕ್ಕಾಗಿಯೇ 1974ರಲ್ಲಿ ಕಾಯಿದೆಯನ್ನು ತಿದ್ದಿ ಹತ್ತು ಸೂಚಕರು, ಹತ್ತು ಅನುಮೋದಕರು ಇರಬೇಕೆಂದೂ ಠೇವಣಿ ಕಟ್ಟಬೇಕೆಂದೂ ಗೊತ್ತುಮಾಡಲಾಯಿತು.

ಗಿರಿಯವರಿಗೆ ಕೊರತೆಯಾಗಿದ್ದುದು 16,654. ಕೆಳಗಿನವರನ್ನು ಕ್ರಮವಾಗಿ ಬಿಡುತ್ತಾ ಬಂದು, ಕಡೆಗೆ ದೇಶಮುಖರ ಮತಪತ್ರಗಳೂ ವರ್ಗಾವಣೆಯಾದ ಬಳಿಕ, ಗಿರಿಯವರ ಮೊತ್ತ 4,20,077ಕ್ಕೂ ರೆಡ್ಡಿಯವರ ಮೊತ್ತ 4,05,427ಕ್ಕೂ ಮುಟ್ಟಿತು. ಗಿರಿಯವರು ಆಯ್ಕೆಯಾದರೆಂದು ಘೋಷಿಸಲಾಯಿತು. ಆಗಸ್ಟ್ 24ರಂದು ಪ್ರಮಾಣವಚನ ಸ್ವೀಕರಿಸಿದರು.

ಗಿರಿಯವರು ಎರಡನೆಯ ಪ್ರಾಶಸ್ತ್ಯದಿಂದ ಗೆದ್ದರೆಂಬ ಮಾತು ಪುಸ್ತಕಗಳಲ್ಲಿಯೂ ಭಾಷಣಗಳಲ್ಲಿಯೂ ರೂಢಿಯಾಗಿದೆ. ಅದು ಅರ್ಧ ಸತ್ಯ. ವರ್ಗಾವಣೆಯಿಂದ ಗಿರಿಯವರಿಗೆ ಹೊಸದಾಗಿ ಬಂದುದು 18,562. ರೆಡ್ಡಿಯವರಿಗೆ ಬಂದುದು 91,879. ಎಂದರೆ ವರ್ಗಾವಣೆಗೊಂಡ ಮತಗಳಲ್ಲಿ ನೂರಕ್ಕೆ ಎಂಬತ್ತಮೂರು ಪಾಲು ರೆಡ್ಡಿಯವರನ್ನೇ ಸೇರಿತು. ನಿಜಲಿಂಗಪ್ಪನವರು ಯಾವುದನ್ನು ಬೇಡಿದ್ದರೋ ಅದು ಬಹುಮಟ್ಟಿಗೆ ಕೈಸೇರಿತ್ತು. ಮೊದಲ ಎಣಿಕೆಯಲ್ಲಿ 87,967ರಷ್ಟಿದ್ದ ಅಂತರ ಕಡೆಯ ಎಣಿಕೆಯಲ್ಲಿ 14,650ಕ್ಕೆ ಇಳಿಯಿತು. ಮುದ್ರೆ ಒತ್ತುವ ಸಾಮಾನ್ಯ ವಿಧಾನದಲ್ಲಿ ಇವೇ ಮೊದಲ ಮತಗಳು ಬಿದ್ದಿದ್ದರೂ ಗಿರಿಯವರೇ ಗೆಲ್ಲುತ್ತಿದ್ದರು, ಇನ್ನೂ ದೊಡ್ಡ ಅಂತರದಿಂದ. ಹಾಗಿದ್ದ ಮೇಲೆ ಸೋಲು ಎಲ್ಲಿಂದ ಬಂದಿತು? ಕಮ್ಯುನಿಸ್ಟರು, ದ್ರಾವಿಡ ಮುನ್ನೇತ್ರ ಕಳಗಂ, ಅಕಾಲಿ ದಳ ಮೊದಲಾದವರ ಬೆಂಬಲದ ಜೊತೆಗೆ, ಕಾಂಗ್ರೆಸ್ಸಿನ ಸದಸ್ಯರಲ್ಲೇ ಹಲವರು ತಮ್ಮ ಪಕ್ಷದ ಅಭ್ಯರ್ಥಿಯನ್ನು ಬಿಟ್ಟು ಗಿರಿಯವರ ಮುಂದೆ ‘1’ ಎಂದು ಬರೆದುದರಿಂದ ಬಂದಿತು. ನೆರೆಮನೆಯವರು ಮಾತು ನಡೆಸಿಕೊಟ್ಟರು; ಕೈಕೊಟ್ಟದ್ದು ಸ್ವಂತ ಮನೆ.

ಅಂಕಿಗಳನ್ನು ಇನ್ನೊಂದು ಬಗೆಯಿಂದಲೂ ನೋಡಬಹುದು. ಕಡೆಯ ಹಂತದಲ್ಲಿ ಇಬ್ಬರ ಮೊತ್ತವನ್ನೂ ಕೂಡಿದರೆ 8,25,504. ಆರಂಭದ ಒಟ್ಟು ಮೌಲ್ಯದಿಂದ ಇದನ್ನು ಕಳೆದರೆ 10,833 ಉಳಿಯುತ್ತದೆ. ಗಿರಿಯವರನ್ನಾಗಲಿ ರೆಡ್ಡಿಯವರನ್ನಾಗಲಿ ಸೂಚಿಸದೆ ಬರಿದಾದ ಮತಗಳ ಮೌಲ್ಯವಿದು. ಇವೆಲ್ಲವೂ ರೆಡ್ಡಿಯವರಿಗೇ ಬಂದಿದ್ದರೂ ಅವರ ಮೊತ್ತ 4,16,260 ಆಗುತ್ತಿತ್ತೇ ಹೊರತು ಗಿರಿಯವರನ್ನು ಮೀರುತ್ತಿರಲಿಲ್ಲ. ಆದರೆ ಗಿರಿಯವರ ಕಡೆಯಿದ್ದ ಹದಿಮೂರು ಮಂದಿ ಸಂಸತ್ ಸದಸ್ಯರು ಇಬ್ಬರ ನಡುವಣ ತಮ್ಮ ಕ್ರಮವನ್ನು ಹಿಂದುಮುಂದಾಗಿ ಬರೆದಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು: 7,488ರಷ್ಟು ಮೌಲ್ಯ ಅತ್ತಿಂದ ಇತ್ತ ಸರಿದು ರೆಡ್ಡಿಯವರು 326ರ ಅಂತರದಿಂದ ಮುಂದಾಗುತ್ತಿದ್ದರು. ಏಳುನೂರಕ್ಕೂ ಹೆಚ್ಚು ಸಂಸದರೂ ಸಾವಿರಾರು ಶಾಸಕರೂ ಭಾಗವಹಿಸಿದ ಚುನಾವಣೆಯೊಂದು ಹದಿಮೂರು ಮಂದಿಯ ಲೇಖನಿಯ ತುದಿಯಲ್ಲಿ ನಿಂತಿತ್ತು.

ಮುಂದಿನ ಕಥೆ ಸುಪರಿಚಿತ. ಚುನಾವಣೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ದಾಖಲಾಯಿತು. ಅಧಿಕಾರದಲ್ಲಿದ್ದ ರಾಷ್ಟ್ರಪತಿಗಳೇ ಸಾಕ್ಷಿ ನುಡಿದ ಆ ಮೊಕದ್ದಮೆ 1970ರಲ್ಲಿ ವಜಾ ಆಯಿತು. ಅದಕ್ಕೆ ಮೊದಲೇ, 1969ರ ನವೆಂಬರಿನಲ್ಲಿ, ನಿಜಲಿಂಗಪ್ಪನವರ ಅಧ್ಯಕ್ಷತೆಯ ಕಾಂಗ್ರೆಸ್ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿತು. ಪಕ್ಷ ಎರಡಾಗಿ ಒಡೆಯಿತು. ಗಾಜಿನ ಮನೆಯಲ್ಲಿ ಬಿದ್ದ ಬಿರುಕು ಅದೆಂದು ವಿನೋದವಾಗಿ ಹೇಳುವವರೂ ಉಂಟು. ಸಂಜೀವ ರೆಡ್ಡಿಯವರು 1977ರಲ್ಲಿ ರಾಷ್ಟ್ರಪತಿಗಳಾದರು. ಉಳಿದ ನಾಮಪತ್ರಗಳೆಲ್ಲ ತಿರಸ್ಕೃತವಾದುದರಿಂದ ಆ ಬಾರಿ ಅವರು ಅವಿರೋಧವಾಗಿ ಆಯ್ಕೆಗೊಂಡರು. ಮೊದಲನೆಯದೂ ಇಲ್ಲ, ಎರಡನೆಯದೂ ಇಲ್ಲ, ಮತಪತ್ರವೇ ಬೇಕಾಗಲಿಲ್ಲ. ಅವರಿಗೆ ಆ ಪದವಿಯನ್ನು ಬಿಟ್ಟುಕೊಟ್ಟ ಹಂಗಾಮಿ ರಾಷ್ಟ್ರಪತಿ ವಿಜಾಪುರ ಜಿಲ್ಲೆಯಿಂದ ಬಂದ ಬಿ. ಡಿ. ಜತ್ತಿಯವರು. ರೆಡ್ಡಿಯವರು ತಮ್ಮ ಕೊನೆಯ ದಿನಗಳನ್ನು ಬೆಂಗಳೂರಿನಲ್ಲೇ ಕಳೆದು 1996ರಲ್ಲಿ ಇಲ್ಲಿಯೇ ನಿಧನರಾದರು.

ಈ ವಿಧಾನ ಭಾರತದ್ದಷ್ಟೇ ಅಲ್ಲ. ಆಸ್ಟ್ರೇಲಿಯದಲ್ಲಿ 1918ರಿಂದ ಕೆಳಮನೆಯ ಚುನಾವಣೆ ಹೀಗೆಯೇ ನಡೆಯುತ್ತಿದೆ. ಅಮೆರಿಕದಲ್ಲಿ ಮೇನ್ ರಾಜ್ಯವು 2018ರಲ್ಲಿ ಕಾಂಗ್ರೆಸ್ ಸದಸ್ಯರ ಆಯ್ಕೆಗೆ ಇದನ್ನು ಬಳಸಿತು. ಬಳಿಕ ಅಲಾಸ್ಕದ ಸರದಿ. ಆ ವಿಶಾಲ ರಾಜ್ಯಕ್ಕೆ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಒಂದೇ ಸ್ಥಾನ. ಇಡೀ ರಾಜ್ಯವೇ ಒಂದು ಕ್ಷೇತ್ರ. ನಲವತ್ತೊಂಬತ್ತು ವರ್ಷ ಸದಸ್ಯರಾಗಿದ್ದ ಡಾನ್ ಯಂಗ್ ತೀರಿಕೊಂಡ ಮೇಲೆ 2022ರ ಆಗಸ್ಟ್ 16ರಂದು ಉಪಚುನಾವಣೆ ಜರುಗಿತು. ಅದು ಗಿರಿಯವರ ಚುನಾವಣೆಯ ತಾರೀಕೇ ಆದುದು ಕೇವಲ ಕಾಕತಾಳೀಯ. ಡೆಮಾಕ್ರಟಿಕ್ ಪಕ್ಷದ ಮೇರಿ ಪೆಲ್ಟೋಲ ಅವರಿಗೆ ನೂರಕ್ಕೆ 40.2, ರಿಪಬ್ಲಿಕನ್ನರಾದ ಸಾರಾ ಪೇಲಿನ್ ಅವರಿಗೆ 31.3, ಅದೇ ಪಕ್ಷದ ನಿಕ್ ಬೆಗಿಚ್ ಅವರಿಗೆ 28.5 ಮೊದಲ ಮತಗಳು ಬಂದವು. ಬೆಗಿಚ್ ಹೊರಬಿದ್ದರು. ಅವರ ಬೆಂಬಲಿಗರಲ್ಲಿ ಅರ್ಧದಷ್ಟು ಮಂದಿ ಮಾತ್ರ ಪೇಲಿನ್ ಅವರಿಗೆ ಎರಡನೆಯ ಪ್ರಾಶಸ್ತ್ಯ ಕೊಟ್ಟಿದ್ದರು. ಹತ್ತರಲ್ಲಿ ಸುಮಾರು ಮೂವರು ಪೆಲ್ಟೋಲ ಅವರಿಗೆ ಕೊಟ್ಟಿದ್ದರು. ಇಬ್ಬರು ಏನನ್ನೂ ಬರೆದಿರಲಿಲ್ಲ. ಪೆಲ್ಟೋಲ 51.5ಕ್ಕೆ 48.5ರಂತೆ ಗೆದ್ದು, ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಅಲಾಸ್ಕದ ಮೂಲನಿವಾಸಿಗಳಲ್ಲಿ ಮೊದಲಿಗರಾದರು.

ಇಲ್ಲಿ ಸೂಕ್ಷ್ಮವಾದ ಒಂದು ವ್ಯತ್ಯಾಸವಿದೆ. ಅಲಾಸ್ಕದಲ್ಲಿ ಬರಿದಾದ ಮತಪತ್ರಗಳನ್ನು ಬಿಟ್ಟು, ಉಳಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಷ್ಟೆಂದು ನೋಡುತ್ತಾರೆ. ಮೊದಲ ಸುತ್ತಿನ ಒಟ್ಟು ಮತಗಳಿಗೆ ಹೋಲಿಸಿದರೆ ಪೆಲ್ಟೋಲ ಅವರ ಕಡೆಯ ಮೊತ್ತ ಅರ್ಧಕ್ಕಿಂತ ತುಸು ಕಡಮೆಯೇ. ನಮ್ಮಲ್ಲಿ ಆರಂಭದಲ್ಲಿ ಗೊತ್ತುಮಾಡಿದ ಪ್ರಮಾಣ ಕೊನೆಯವರೆಗೆ ಕದಲುವುದಿಲ್ಲ. ಗಿರಿಯವರು ಆ ಕಟ್ಟುನಿಟ್ಟಿನ ಅಳತೆಯನ್ನೂ 1,908ರಿಂದ ದಾಟಿದ್ದರು. ದಾಟದೆ ಹೋಗಿದ್ದರೂ, ಇಬ್ಬರಲ್ಲಿ ಹಿಂದುಳಿದವರನ್ನು ಬಿಟ್ಟು ಮುಂದಿರುವವರನ್ನು ಆಯ್ಕೆಯಾದರೆಂದು ಸಾರುವ ಅವಕಾಶ ನಿಯಮದಲ್ಲಿದೆ.

ಈ ವಿಧಾನಕ್ಕೆ ದೋಷಗಳಿಲ್ಲವೆಂದಲ್ಲ. ಅಲಾಸ್ಕದ ಮತಪತ್ರಗಳನ್ನು ತರುವಾಯ ಅಭ್ಯಾಸ ಮಾಡಿದವರು ಒಂದು ವಿಚಿತ್ರವನ್ನು ಕಂಡುಕೊಂಡರು: ಬೆಗಿಚ್ ಅವರನ್ನು ಪೆಲ್ಟೋಲ ಅವರೊಡನೆ ಮಾತ್ರ ಹೋಲಿಸಿದರೂ, ಪೇಲಿನ್ ಅವರೊಡನೆ ಮಾತ್ರ ಹೋಲಿಸಿದರೂ ಹೆಚ್ಚು ಮಂದಿಗೆ ಮೇಲಾಗಿ ತೋರಿದವರು ಬೆಗಿಚ್ಚರೇ. ಆದರೂ ಮೊದಲು ಹೊರಬಿದ್ದವರು ಅವರು. ಬಹಳ ಜನರಿಗೆ ಎರಡನೆಯವನಾಗಿ ಒಪ್ಪಿತನಾದವನು, ಮೊದಲನೆಯವನೆಂದು ಎಣಿಸುವವರು ಕಡಮೆಯಾದ ಕಾರಣ, ಆ ಎರಡನೆಯ ಮತಗಳನ್ನು ತೆರೆಯುವ ಮೊದಲೇ ಪಂಕ್ತಿಯಿಂದ ಏಳಬೇಕಾಗುತ್ತದೆ. ಅಲಾಸ್ಕದಲ್ಲಿ ಈ ವಿಧಾನವನ್ನೇ ಕೈಬಿಡಬೇಕೆಂಬ ಪ್ರಸ್ತಾವ 2024ರ ನವೆಂಬರಿನಲ್ಲಿ ಜನಮತಕ್ಕೆ ಬಂದು ಕೆಲವೇ ನೂರು ಮತಗಳಿಂದ ಬಿದ್ದುಹೋಯಿತು. ಅದೇ ತಿಂಗಳ ಚುನಾವಣೆಯಲ್ಲಿ, ಅದೇ ವಿಧಾನದಲ್ಲಿ, ಪೆಲ್ಟೋಲ ಸೋತು ಬೆಗಿಚ್ ಗೆದ್ದರು.

ಇನ್ನು ಮನೆಯ ಮಾತು. ಕರ್ನಾಟಕದ ವಿಧಾನ ಪರಿಷತ್ತಿನಲ್ಲಿ 75 ಸ್ಥಾನಗಳು. ಅವುಗಳಲ್ಲಿ ಏಳು ಶಿಕ್ಷಕರ ಕ್ಷೇತ್ರಗಳಿಗೆ, ಏಳು ಪದವೀಧರರ ಕ್ಷೇತ್ರಗಳಿಗೆ ಮೀಸಲು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಪ್ರೌಢಶಾಲೆ, ಕಾಲೇಜುಗಳ ಅಧ್ಯಾಪಕರು ಬೆಂಗಳೂರು ಶಿಕ್ಷಕರ ಕ್ಷೇತ್ರಕ್ಕೆ ಸೇರಿದವರು. ಅನುದಾನ, ವೇತನ, ನಿವೃತ್ತಿ ವೇತನ, ಖಾಸಗಿ ಸಂಸ್ಥೆಗಳಲ್ಲಿ ದುಡಿಯುವವರ ಸೇವಾಭದ್ರತೆ ಇವೆಲ್ಲ ಸದನದಲ್ಲಿ ಚರ್ಚೆಗೆ ಬರುವುದು ಈ ಪ್ರತಿನಿಧಿಗಳ ಬಾಯಿಂದ. ಮೇಲೆ ರಾಷ್ಟ್ರಪತಿ ಚುನಾವಣೆಗೆ ಹೇಳಿದ ಎಣಿಕೆಯ ಕ್ರಮವೇ ಇಲ್ಲಿಯೂ. ಮತದ ಮೌಲ್ಯ ಮಾತ್ರ ಎಲ್ಲರಿಗೂ ಸಮಾನ. ರಾಜ್ಯಸಭೆಗೆ ಶಾಸಕರು ಹಾಕುವ ಮತವೂ ಪ್ರಾಶಸ್ತ್ಯದ್ದೇ ಆದರೂ ಅಲ್ಲಿ ಹಲವು ಸ್ಥಾನಗಳನ್ನು ಒಟ್ಟಿಗೆ ತುಂಬುವುದರಿಂದ ಲೆಕ್ಕ ಸ್ವಲ್ಪ ಬೇರೆ, ಮತ್ತು 2003ರಿಂದ ಅಲ್ಲಿ ಮತಪತ್ರವನ್ನು ಪಕ್ಷದ ಪ್ರತಿನಿಧಿಗೆ ತೋರಿಸಿ ಹಾಕಬೇಕು. ಶಿಕ್ಷಕರ ಮತ ಗುಪ್ತವಾದುದು; ಯಾರಿಗೂ ತೋರಿಸಬೇಕಾಗಿಲ್ಲ.

ಚುನಾವಣೆಯ ಕಾಲದಲ್ಲಿ ಅಭ್ಯರ್ಥಿಗಳ ಕಡೆಯವರು ಶಾಲೆಗಳ ಅಧ್ಯಾಪಕರ ಕೊಠಡಿಗೆ ಬಂದು “ನಮ್ಮವರ ಮುಂದೆ ಒಂದು ಎಂದು ಬರೆಯಿರಿ, ಬೇರೆ ಏನನ್ನೂ ಬರೆಯಬೇಡಿ, ಬರೆದರೆ ನಮ್ಮವರಿಗೆ ತೊಂದರೆ” ಎಂದು ಹೇಳುವುದುಂಟು. ಇದು ನಿಜವಲ್ಲ. ‘1’ ಎಂದು ಬರೆಸಿಕೊಂಡ ಅಭ್ಯರ್ಥಿ ಕಣದಲ್ಲಿರುವವರೆಗೆ ಆ ಮತಪತ್ರದ ‘2’ ಅನ್ನು ಯಾರೂ ಎಣಿಸುವುದಿಲ್ಲ. ಅವನು ಹೊರಬಿದ್ದ ಮೇಲೆ ಮಾತ್ರ ಅದು ಜೀವ ತಳೆಯುತ್ತದೆ. ಕಾಕಡದ ಮಾತು ಇಲ್ಲಿಯೂ ಸಲ್ಲುತ್ತದೆ. ಹಾಗೆಂದು ಎರಡನೆಯದನ್ನು ಬರೆಯಲೇಬೇಕೆಂಬ ಕಡ್ಡಾಯವೂ ಇಲ್ಲ. ಉಳಿದವರಲ್ಲಿ ಯಾರಾದರೂ ಒಂದೇ ಎನ್ನುವವರು ‘1’ ಮಾತ್ರ ಬರೆದು ನಿಲ್ಲಿಸಬಹುದು. ಅಭ್ಯರ್ಥಿಯ ಲಾಭಕ್ಕಾಗಿ ಅಲ್ಲ, ತನ್ನ ಇಚ್ಛೆಯಿಂದ ನಿಲ್ಲಿಸುವವನ ವಿಚಾರ ಬೇರೆ. ಐದಾರು ಮಂದಿ ಸ್ಪರ್ಧಿಸಿರುವ ಕ್ಷೇತ್ರದಲ್ಲಿ ತನ್ನ ಅಭ್ಯರ್ಥಿ ಬೇಗ ಹೊರಬೀಳುವನೆಂದು ಬಲ್ಲವನೂ ‘2’ ಬರೆಯದೆ ಬಂದರೆ, ಕಡೆಯ ಇಬ್ಬರಲ್ಲಿ ಯಾರು ತನ್ನ ಪ್ರತಿನಿಧಿಯಾಗಬೇಕೆಂಬ ಪ್ರಶ್ನೆಗೆ ಉತ್ತರವನ್ನು ಬೇರೆಯವರಿಗೆ ಬಿಟ್ಟಂತೆ.

ಶೋಚನೀಯವಾದ ಮತ್ತೊಂದು ಸಂಗತಿಯೆಂದರೆ, ಅಕ್ಷರಸ್ಥರಲ್ಲಿ ಅಕ್ಷರಸ್ಥರಾದವರೇ ಮತ ಹಾಕುವ ಈ ಕ್ಷೇತ್ರಗಳಲ್ಲಿಯೂ ಪ್ರತಿ ಸಲ ಅಸಿಂಧುವಾದ ಮತಪತ್ರಗಳು ಹೊರಬರುತ್ತವೆ. ಇತರ ಚುನಾವಣೆಗಳ ಅಭ್ಯಾಸದಿಂದ ಗುರುತು ಹಾಕುವವರು, ಸಹಿ ಮಾಡುವವರು, ಇಬ್ಬರ ಮುಂದೆಯೂ ‘1’ ಎಂದು ಬರೆಯುವವರು ಇವರಲ್ಲಿದ್ದಾರೆ. ನಿಯಮಗಳು ಕಠಿಣವಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಲೇಖನಿಯಿಂದಲೇ ಬರೆಯಬೇಕು. ಜೇಬಿನಲ್ಲಿರುವ ಸ್ವಂತ ಪೆನ್ನು ಇಲ್ಲಿ ನಿಷಿದ್ಧ. ‘1’ ಒಬ್ಬರ ಮುಂದೆ ಮಾತ್ರ ಇರಬೇಕು. ಅದು ಇಲ್ಲದೆ 2, 3 ಮಾತ್ರ ಬರೆದರೆ ಮತ ಕೆಟ್ಟಂತೆಯೇ. ಸರಿ ಗುರುತು, ಇಂಟು ಗುರುತು ಕೂಡದು. ‘ಒಂದು’ ಎಂದು ಅಕ್ಷರದಲ್ಲಿಯೂ ಬರೆಯಬಾರದು. ಕನ್ನಡದ ಉಪಾಧ್ಯಾಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಆದರೆ ಅಂಕಿಯನ್ನು ಕನ್ನಡದ ರೂಪದಲ್ಲಿ ‘೧’, ‘೨’ ಎಂದು ಬರೆಯಲು ಯಾವ ಅಡ್ಡಿಯೂ ಇಲ್ಲ. ರೋಮನ್ ಅಂಕಿಗಳೂ ಸಿಂಧುವೇ. ಹೆಸರು, ಸಹಿ, ಹೆಬ್ಬೆಟ್ಟು, ಮತದಾರನ ಗುರುತು ತಿಳಿಸುವ ಬೇರೆ ಯಾವುದೇ ಚಿಹ್ನೆ ಮತಪತ್ರದ ಮೇಲೆ ಇರಕೂಡದು.

ಇವೆಲ್ಲಕ್ಕೂ ಮೊದಲು ಹೆಸರು ಪಟ್ಟಿಯಲ್ಲಿರಬೇಕು. ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಇಲ್ಲಿಯೂ ಇದ್ದೇ ಇರುತ್ತದೆಂದು ತಿಳಿಯುವವರು ಬಹಳ ಮಂದಿ. ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳ ಪಟ್ಟಿ ಬೇರೆಯಾದುದು; ಆರು ವರ್ಷಗಳಿಗೊಮ್ಮೆ ಬರುವ ಪ್ರತಿ ಚುನಾವಣೆಗೂ ಅದನ್ನು ಹೊಸದಾಗಿ ಸಿದ್ಧಪಡಿಸುತ್ತಾರೆ. ಹಿಂದಿನ ಪಟ್ಟಿಯಲ್ಲಿದ್ದವರೂ ಮತ್ತೆ ಅರ್ಜಿ ಸಲ್ಲಿಸಬೇಕು. ಶಿಕ್ಷಕರು ನಮೂನೆ 19ರಲ್ಲಿ, ಪದವೀಧರರು ನಮೂನೆ 18ರಲ್ಲಿ. ಶಿಕ್ಷಕರು ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಪ್ರೌಢಶಾಲೆಗಿಂತ ಕೆಳಗಿನದಲ್ಲದ ಸಂಸ್ಥೆಯಲ್ಲಿ ಪಾಠ ಹೇಳಿರಬೇಕು. ಪದವೀಧರರು ಪದವಿ ಪಡೆದು ಮೂರು ವರ್ಷ ಕಳೆದಿರಬೇಕು. ಅರ್ಹತೆಯನ್ನು ಲೆಕ್ಕ ಹಾಕುವ ದಿನ ನವೆಂಬರ್ 1.